ಬೆಂಚ್ ಪ್ರೆಸ್ ಪ್ರೋಗ್ರಾಂಗೆ ಮಾರ್ಕ್ಸ್ ಹಾಕೋದು ಹೇಗೆ?

ಭಾಗ 1/7: "ಯಾವುದು ಬೆಸ್ಟ್" ಅನ್ನೋ ಪ್ರಶ್ನೆ

ನನ್ನ ನೋಟ್‌ಬುಕ್ ಫೋಟೋ ಹಾಕಿದಾಗಿಂದ ಡಿಎಂನಲ್ಲಿ ಬರ್ತಿರೋ ಪ್ರಶ್ನೆ ಒಂದೇ. "ಅಕ್ಕಾ, ಬೆಂಚ್ ಜಾಸ್ತಿ ಆಗೋಕೆ ಯಾವ ಪ್ರೋಗ್ರಾಂ ಬೆಸ್ಟ್?" ಕೆಲವರು ಜೊತೆಗೆ ಸ್ಕ್ರೀನ್‌ಶಾಟ್ ಕಳಿಸ್ತೀರಿ. "8 ವಾರದಲ್ಲಿ 20 ಕೆಜಿ, ಗ್ಯಾರಂಟಿ" ಅಂತ ದಪ್ಪ ಅಕ್ಷರ, ಕೆಳಗೆ ಒಂದು ಪಿಡಿಎಫ್‌ನ ರೇಟು. ಆ ರೇಟಿನಲ್ಲಿ ನಮ್ಮ ಹಾಸ್ಟೆಲ್‌ನಲ್ಲಿ ಒಂದು ತಿಂಗಳ ಮೆಸ್ ಬಿಲ್ ಕಟ್ಟಬಹುದು.

ನಾನು ಕೋಚ್ ಅಲ್ಲ. ದಾವಣಗೆರೆಯಲ್ಲಿ ಓದ್ತಿರೋ ಐದನೇ ಸೆಮಿಸ್ಟರ್ ಹುಡುಗಿ, ತೂಕ 57 ಕೆಜಿ. ಬೆಳಿಗ್ಗೆ ಆರೂವರೆಗೆ ಜಿಮ್, ಒಂಬತ್ತಕ್ಕೆ ಕ್ಲಾಸು. ಖಾಲಿ ಬಾರ್‌ನಿಂದ ಶುರು ಮಾಡಿ, ಒಂದು ವರ್ಷದ ಮೇಲೆ ಸ್ವಲ್ಪ ದಿನದಲ್ಲಿ ಮೂರು ಬೇರೆ ಬೇರೆ ಪ್ರೋಗ್ರಾಂ ಪೂರ್ತಿ ಮುಗಿಸಿದೀನಿ. ಪ್ರತಿ ಸೆಟ್ಟನ್ನೂ ಬರೆದಿಟ್ಟಿದೀನಿ. ನಾಲ್ಕನೆಯದನ್ನ ಪಕ್ಕದಲ್ಲಿ ಕೂತು ನೋಡಿದೀನಿ, ಅದು ಒಬ್ಬ ಕ್ಲಾಸ್‌ಮೇಟ್‌ದು.

ಆದ್ರಿಂದ "ಇದನ್ನ ಮಾಡಿ" ಅಂತ ಒಂದು ಹೆಸರು ಹೇಳಿ ಮುಗಿಸಲ್ಲ. ಹೇಳಿದ್ರೆ ಅದು ನನ್ನ ತೂಕಕ್ಕೆ, ನನ್ನ ಜಿಮ್‌ಗೆ, ನನ್ನ ಮೆಸ್ ಊಟಕ್ಕೆ ಹೊಂದಿದ ಉತ್ತರ ಆಗುತ್ತೆ ಅಷ್ಟೇ. ಬದಲಿಗೆ ಒಂದು ಪ್ರೋಗ್ರಾಂ ಪಾಸಾಯ್ತೋ ಫೇಲಾಯ್ತೋ ಅಂತ ನೀವೇ ನೋಡೋದು ಹೇಗೆ ಅನ್ನೋದನ್ನ ಏಳು ಪೋಸ್ಟ್‌ನಲ್ಲಿ ಬರೀತೀನಿ. ಓದೋಕೆ ಉದ್ದ ಇದೆ, ಸೇವ್ ಮಾಡ್ಕೊಂಡು ಬಸ್ಸಲ್ಲಿ ಓದಿ.

ಭಾಗ 2/7: ಮೊದಲು ಅಳತೆಗೋಲು ಸರಿ ಇರ್ಲಿ

ಬಟ್ಟೆ ಅಂಗಡಿಯವನು ಮೊದಲ ಮೀಟರ್ ಸರಿಯಾಗಿ ಅಳೆದು, ಎರಡನೇ ಮೀಟರ್‌ಗೆ ಬಟ್ಟೆ ಎಳೆದು ಅಳೆದ್ರೆ ಸುಮ್ಮನೆ ಇರ್ತೀರಾ? ಬೆಂಚ್‌ನಲ್ಲಿ ನಾವೆಲ್ಲ ಮಾಡ್ತಿರೋದು ಅದನ್ನೇ. ಮೊದಲ ದಿನ ನಿಧಾನಕ್ಕೆ ಇಳಿಸಿ ಎತ್ತಿದ್ದು 60. ಎಂಟನೇ ವಾರ ಎದೆ ಮೇಲೆ ಬಡಿದು, ಸೊಂಟ ಬೆಂಚಿಂದ ಮೇಲೆತ್ತಿ ಎತ್ತಿದ್ದು 70. "ಹತ್ತು ಕೆಜಿ ಬಂತು ಗುರು!" ಬಂದಿದ್ದು ಶಕ್ತಿನಾ, ಸ್ಪ್ರಿಂಗಾ?

ಅಂತಾರಾಷ್ಟ್ರೀಯ ಪವರ್‌ಲಿಫ್ಟಿಂಗ್ ಫೆಡರೇಷನ್‌ನ ನಿಯಮ ಸರಳ. ಬಾರ್ ಎದೆಗೆ ಇಳೀಬೇಕು, ಅಲ್ಲಿ ಅಲುಗಾಡದೆ ನಿಲ್ಲಬೇಕು, ರೆಫರಿ "ಪ್ರೆಸ್" ಅಂದ ಮೇಲೆ ಎತ್ತಬೇಕು. ಕುಂಡಿ ಬೆಂಚ್ ಬಿಡಬಾರದು. 2023ರಿಂದ ಇನ್ನೊಂದು ಸೇರಿದೆ: ಬಾರ್ ಕೆಳಗೆ ಬಂದಾಗ ಮೊಣಕೈಯ ತಳಭಾಗ ಭುಜದ ಕೀಲಿನ ಮೇಲ್ಭಾಗದ ಮಟ್ಟಕ್ಕಾದರೂ ಇಳಿದಿರಬೇಕು. ಬೆನ್ನನ್ನ ಬಿಲ್ಲಿನ ಹಾಗೆ ಬಗ್ಗಿಸಿ, ಬಾರ್ ನಾಲ್ಕು ಬೆರಳಷ್ಟು ಚಲಿಸಿದ್ರೂ ಲಿಫ್ಟ್ ಆಯ್ತು ಅನ್ನೋ ಕಾಲ ಮುಗಿಲಿ ಅಂತಾನೇ ಈ ನಿಯಮ ಬಂದಿದ್ದು. ದೊಡ್ಡ ದೊಡ್ಡ ಲಿಫ್ಟರ್‌ಗಳಿಗೇ ಅಳತೆಗೋಲು ಗಟ್ಟಿ ಮಾಡ್ಬೇಕಾಯ್ತು, ನಮಗೆ ಬೇಡ್ವಾ?

ನಾನು ಇಟ್ಕೊಂಡಿರೋ ಟೆಸ್ಟ್ ಹೀಗಿದೆ. ಎದೆ ಮೇಲೆ ಮನಸ್ಸಲ್ಲೇ "ಒಂದು" ಅಂದು ಎಣಿಸುವಷ್ಟು ಹೊತ್ತು ನಿಲ್ಲಿಸೋದು. ಸೈಡಿಂದ ವಿಡಿಯೋ. ಪ್ರತಿ ಸಲ ಅದೇ ಬಾರ್, ಅದೇ ಬೆಂಚ್, ಅದೇ ಹೊತ್ತು. ಸ್ಪಾಟರ್ ಬಾರ್ ಮುಟ್ಟಿದ್ರೆ ಆ ರೆಪ್ ಲೆಕ್ಕಕ್ಕಿಲ್ಲ. ನಮ್ಮ ಜಿಮ್‌ನಲ್ಲಿ ಒಬ್ಬರಿದ್ದಾರೆ, "ಎಲ್ಲಾ ನಿಂದೇ, ಎಲ್ಲಾ ನಿಂದೇ" ಅಂತ ಕೂಗ್ತಾ ಅರ್ಧ ಭಾರ ಅವರೇ ಎತ್ತುತ್ತಾರೆ. ಪ್ರೀತಿಯ ಮನುಷ್ಯ, ಆದ್ರೆ ಟೆಸ್ಟ್ ದಿನ ಅವರನ್ನ ಕರೆಯಲ್ಲ.

ಒಂದೇ ಒಂದು ರೆಪ್‌ನ ಮ್ಯಾಕ್ಸ್ ಹೊಡೀಲೇಬೇಕು ಅಂತೇನಿಲ್ಲ. ಎಪ್ಲಿ ಸೂತ್ರ ಅಂತ ಒಂದಿದೆ. ಎತ್ತಿದ ತೂಕವನ್ನ ರೆಪ್ಸ್‌ನಿಂದ ಗುಣಿಸಿ, 30ರಿಂದ ಭಾಗಿಸಿ, ಬಂದಿದ್ದನ್ನ ಅದೇ ತೂಕಕ್ಕೆ ಕೂಡಿಸಿ. 30 ಕೆಜಿಯನ್ನ 8 ಸಲ ಎತ್ತಿದ್ರೆ 8 ಕೂಡುತ್ತೆ, ಅಂದಾಜು ಮ್ಯಾಕ್ಸ್ 38. ರೆಪ್ಸ್ ಐದರ ಆಸುಪಾಸು ಇದ್ರೆ ಅಂದಾಜು ಹತ್ತಿರ ಬರುತ್ತೆ, ಹತ್ತು ದಾಟಿದ್ರೆ ನಂಬೋಕಾಗಲ್ಲ.

ಇನ್ನೊಂದು ಮಾತು. ಶಕ್ತಿ ದಿನದಿಂದ ದಿನಕ್ಕೆ ಏರುಪೇರಾಗುತ್ತೆ. ಸರಿಯಾಗಿ ನಿದ್ದೆ ಬಂದ ಬೆಳಿಗ್ಗೆ ಒಂದು ಸಂಖ್ಯೆ, ಇಂಟರ್ನಲ್ಸ್ ಮುಗಿದ ಮರುದಿನ ಇನ್ನೊಂದು. ಅದಕ್ಕೆ ನಾನು ಪ್ರೋಗ್ರಾಂ ಶುರು ಮಾಡೋ ಮುಂಚೆ ಎರಡು ದಿನ, ಮುಗಿದ ಮೇಲೆ ಎರಡು ದಿನ ಟೆಸ್ಟ್ ಮಾಡಿ ಸರಾಸರಿ ತಗೋತೀನಿ.

ಮುಂದಿನದು ಲೆಕ್ಕದ ಮಾತಲ್ಲ, ಜೀವದ ಮಾತು. ಟೆಸ್ಟ್ ದಿನ ಒಬ್ಬರೇ ಇರಬೇಡಿ. ಇರಲೇಬೇಕಾದ್ರೆ ಎರಡೂ ಕಡೆ ಸೇಫ್ಟಿ ಕಂಬಿ ಇರೋ ರ‍್ಯಾಕ್‌ನಲ್ಲಿ ಮಾಡಿ. ಅದೂ ಇಲ್ದಿದ್ರೆ ಟೆಸ್ಟ್ ಮುಂದಕ್ಕೆ ಹಾಕಿ. ಹೆಬ್ಬೆರಳು ಬಾರ್ ಸುತ್ತ ಇರ್ಲೇಬೇಕು. ಬೆಂಚ್ ಪ್ರೆಸ್‌ನಲ್ಲಿ ಬಾರ್ ಕೈಜಾರಿ ಬಿದ್ರೆ ಕೆಳಗಿರೋದು ಎದೆ ಮತ್ತು ಕುತ್ತಿಗೆ. ಇದ್ರಿಂದ ಜನ ಸತ್ತಿದ್ದಾರೆ.

ಭಾಗ 3/7: ಪ್ರೋಗ್ರಾಂ ಅಂದ್ರೆ ಒಳಗೆ ಏನಿರುತ್ತೆ

ಯಾವ ಪಿಡಿಎಫ್ ಬೇಕಾದ್ರೂ ತೆಗೀರಿ, ಬಣ್ಣ ಬಳಿದಿರೋದನ್ನ ಕೆರೆದ್ರೆ ಒಳಗೆ ನಾಲ್ಕೇ ವಿಷಯ. ಎಷ್ಟು ಭಾರ, ವಾರಕ್ಕೆ ಎಷ್ಟು ಸೆಟ್, ವಾರಕ್ಕೆ ಎಷ್ಟು ದಿನ, ಭಾರ ಏರಿಸೋದು ಯಾವಾಗ.

ಈ ನಾಲ್ಕನೆಯದು ದೊಡ್ಡದು. 1940ರ ದಶಕದಲ್ಲಿ ಅಮೆರಿಕದ ಸೈನ್ಯದ ವೈದ್ಯ ಥಾಮಸ್ ಡಿಲಾರ್ಮ್, ಯುದ್ಧದಲ್ಲಿ ಗಾಯಗೊಂಡು ಬಂದ ಸೈನಿಕರಿಗೆ ಭಾರದ ವ್ಯಾಯಾಮ ಮಾಡಿಸಿದ. ಒಬ್ಬನು ಹತ್ತು ಸಲ ಮಾತ್ರ ಎತ್ತಬಲ್ಲ ಭಾರ ಯಾವುದು ಅಂತ ಮೊದಲು ಹುಡುಕಿ, ಅದರ ಅರ್ಧ, ಮುಕ್ಕಾಲು, ಪೂರ್ತಿ, ಹೀಗೆ ಮೂರು ಸೆಟ್. ಶಕ್ತಿ ಬಂದ ಹಾಗೆ ಭಾರ ಏರಿಕೆ. ಇವತ್ತು ಜಿಮ್‌ನಲ್ಲಿ "3 ಸೆಟ್, 10 ರೆಪ್ಸ್" ಅಂತ ಎಲ್ಲರ ಬಾಯಲ್ಲೂ ಬರೋದರ ಬೇರು ಇಲ್ಲಿದೆ.

ನಮ್ಮ ಗರಡಿ ಮನೆಯವರಿಗೆ ಇದನ್ನ ಯಾರೂ ಹೇಳಿಕೊಡಬೇಕಾಗಿರ್ಲಿಲ್ಲ. ದಂಡ ಹೊಡೆಯೋದು ಇವತ್ತು ಐವತ್ತು ಅಂದ್ರೆ ಮುಂದಿನ ವಾರ ಅರವತ್ತು. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಗುಂಡು ಕಲ್ಲು ಎತ್ತೋರನ್ನ ನೋಡಿ, ಯಾರೂ ದೊಡ್ಡ ಕಲ್ಲಿಂದ ಶುರು ಮಾಡಲ್ಲ. ಆದ್ರೆ ಕಲ್ಲಿಂದ ಕಲ್ಲಿಗೆ ಎಷ್ಟು ಅಂತರ ಇರ್ಬೇಕು ಅನ್ನೋದೇ ತಲೆನೋವು. ಬಾರ್‌ಬೆಲ್‌ನಲ್ಲೂ ತಲೆನೋವು ಅದೇ. ಮುಂದಿನ ಪೋಸ್ಟ್ ಪೂರ್ತಿ ಅದರ ಬಗ್ಗೆ.

ಭಾಗ 4/7: ಮೂರು ಪ್ರೋಗ್ರಾಂ, ಒಂದು ನೋಟ್‌ಬುಕ್

ಮೊದಲನೆಯದು, ಪ್ರತಿ ಸೆಷನ್‌ಗೂ ಭಾರ ಏರಿಸೋ ಲೀನಿಯರ್ ಪ್ರೋಗ್ರಾಂ. ಮಾರ್ಕ್ ರಿಪ್ಪೆಟೋ ಅವರ ಸ್ಟಾರ್ಟಿಂಗ್ ಸ್ಟ್ರೆಂತ್ ಇದಕ್ಕೆ ಹೆಸರುವಾಸಿ. ವಾರಕ್ಕೆ ಮೂರು ದಿನ. ಬೆಂಚ್ ಒಂದು ದಿನ, ನಿಂತು ತಲೆ ಮೇಲೆ ಎತ್ತೋ ಪ್ರೆಸ್ ಇನ್ನೊಂದು ದಿನ. ಅಂದ್ರೆ ಎರಡು ವಾರಕ್ಕೆ ಮೂರು ಸಲ ಬೆಂಚ್ ಬರುತ್ತೆ. 3 ಸೆಟ್, 5 ರೆಪ್ಸ್. ಮೂರೂ ಸೆಟ್ ಪೂರ್ತಿ ಆದ್ರೆ ಮುಂದಿನ ಸಲ 2.5 ಕೆಜಿ ಜಾಸ್ತಿ.

ಕೇಳೋಕೆ ಚಿಕ್ಕ ಸಂಖ್ಯೆ. ಆದ್ರೆ ಲೆಕ್ಕ ಹಾಕಿ. 60 ಕೆಜಿ ಬೆಂಚ್ ಮಾಡೋ ಹುಡುಗನಿಗೆ 2.5 ಅಂದ್ರೆ ಶೇ 4ರ ಏರಿಕೆ. ನನ್ನ ಮ್ಯಾಕ್ಸ್ ಆಗ 27.5. ನನಗೆ ಅದೇ 2.5 ಅಂದ್ರೆ ಶೇ 9. ಇನ್ನೂ ಮಜಾ ಕೇಳಿ. ನಮ್ಮ ಜಿಮ್‌ನಲ್ಲಿ ಇರೋ ಅತಿ ಚಿಕ್ಕ ಪ್ಲೇಟೇ 2.5 ಕೆಜಿ. ಎರಡೂ ಕಡೆ ಹಾಕಿದ್ರೆ ಏರಿಕೆ 5 ಕೆಜಿ, ಅಂದ್ರೆ ಶೇ 18. ಇದು ಏಣಿಯ ಮೆಟ್ಟಿಲಲ್ಲ, ಕಾಂಪೌಂಡ್ ಹಾರೋದು. ಹುಡುಗೀರೇ, "ನಂಗೆ ಬೆಂಚ್ ಬರಲ್ಲ ಕಣೇ, ಎರಡನೇ ವಾರಕ್ಕೇ ನಿಂತೋಯ್ತು" ಅಂತೀರಲ್ಲ, ನಿಂತಿದ್ದು ನೀವಲ್ಲ, ಪ್ಲೇಟು.

ನಾನು ಕಂಡ್ಕೊಂಡ ಉಪಾಯ ಕಾಲಿಗೆ ಕಟ್ಟೋ ಅರ್ಧ ಕೆಜಿಯ ಆಂಕಲ್ ವೆಯ್ಟ್. ಬಾರ್‌ನ ಎರಡೂ ತುದಿಗೆ ಒಂದೊಂದು ಬಿಗಿಯಾಗಿ ಸುತ್ತಿದ್ರೆ ಏರಿಕೆ 1 ಕೆಜಿ. ನೋಡಿದವರು ನಕ್ಕರು. ನಗಲಿ. 12 ವಾರದಲ್ಲಿ 27.5 ಇದ್ದಿದ್ದು 37.5 ಆಯ್ತು.

ಹತ್ತು ಕೆಜಿ! ಹಾಗಾದ್ರೆ ಲೀನಿಯರ್‌ಗೆ ನೂರಕ್ಕೆ ನೂರು ಕೊಡ್ಬೇಕಾ? ತಡೀರಿ. ಹೊಸಬರಲ್ಲಿ ಮೊದಲ ವಾರಗಳ ಏರಿಕೆಯಲ್ಲಿ ದೊಡ್ಡ ಪಾಲು ಸ್ನಾಯು ಬೆಳೆದಿದ್ದರಿಂದ ಬರಲ್ಲ, ನರಮಂಡಲ ಕೆಲಸ ಕಲಿತಿದ್ದರಿಂದ ಬರುತ್ತೆ. ಸೈಕಲ್ ಕಲಿತ ಹಾಗೆ. ಯಾವ ಕಂಪನಿ ಸೈಕಲ್ ಆದ್ರೂ ಮೊದಲ ತಿಂಗಳು ಬ್ಯಾಲೆನ್ಸ್ ಬರುತ್ತೆ, ಅದರ ಕ್ರೆಡಿಟ್ ಕಂಪನಿಗೆ ಕೊಡಲ್ಲ. ಹೊಸಬರ ಫಲಿತಾಂಶ ತೋರಿಸಿ ಪ್ರೋಗ್ರಾಂ ಮಾರೋರಿಗೆ ಇದು ಚೆನ್ನಾಗಿ ಗೊತ್ತಿರುತ್ತೆ.

ಎರಡನೆಯದು 5/3/1. ಜಿಮ್ ವೆಂಡ್ಲರ್ 2009ರಲ್ಲಿ ಪುಸ್ತಕ ಮಾಡಿದ್ದು. ನಿಮ್ಮ ಮ್ಯಾಕ್ಸ್‌ನ ಶೇ 90ನ್ನ "ಟ್ರೈನಿಂಗ್ ಮ್ಯಾಕ್ಸ್" ಅಂತ ಇಟ್ಕೊಂಡು, ಎಲ್ಲಾ ಲೆಕ್ಕ ಅದರ ಮೇಲೆ. ಮೊದಲ ವಾರ ಶೇ 65, 75, 85ಕ್ಕೆ ಐದೈದು ರೆಪ್ಸ್. ಎರಡನೇ ವಾರ 70, 80, 90ಕ್ಕೆ ಮೂರು ಮೂರು. ಮೂರನೇ ವಾರ 75ಕ್ಕೆ ಐದು, 85ಕ್ಕೆ ಮೂರು, 95ಕ್ಕೆ ಒಂದು. ಕೊನೇ ಸೆಟ್‌ನಲ್ಲಿ ಆದಷ್ಟು ರೆಪ್ಸ್. ನಾಲ್ಕನೇ ವಾರ ಹಗುರ. ಆಮೇಲೆ ಬೆಂಚ್‌ನ ಟ್ರೈನಿಂಗ್ ಮ್ಯಾಕ್ಸ್‌ಗೆ ಸುಮಾರು 2.5 ಕೆಜಿ ಸೇರಿಸಿ ಮತ್ತೆ ಶುರು. ಅವಸರ ಇಲ್ಲದ, ಮರ್ಯಾದಸ್ಥ ಪ್ರೋಗ್ರಾಂ.

ಆದ್ರೆ ನನ್ನ ಟ್ರೈನಿಂಗ್ ಮ್ಯಾಕ್ಸ್ ಬಂದಿದ್ದು 34 ಕೆಜಿ. ಮೊದಲ ವಾರದ ಸೆಟ್‌ಗಳು: 22, 25.5, 29. ಎರಡನೇ ವಾರ: 24, 27, 30.5. ಬಾರೇ 20 ಕೆಜಿ, ಪ್ಲೇಟ್‌ನ ಏರಿಕೆ 5 ಕೆಜಿ ಇರೋ ಜಿಮ್‌ನಲ್ಲಿ ಇವೆಲ್ಲ ಕೊನೆಗೆ 20, 25, 30 ಅನ್ನೋ ಮೂರೇ ಗೂಡಿಗೆ ಬಂದು ಕೂರ್ತವೆ. ಕಾಗದದ ಮೇಲೆ ಮೂರು ಬೇರೆ ವಾರ, ಬೆಂಚ್ ಮೇಲೆ ಒಂದೇ ವಾರ. ಆಂಕಲ್ ವೆಯ್ಟ್ ಕಟ್ಟಿ ಸ್ವಲ್ಪ ಸರಿ ಮಾಡ್ಕೊಂಡೆ. ಅದೇ ಪ್ರೋಗ್ರಾಂ ಮಾಡ್ತಿದ್ದ ಸೀನಿಯರ್‌ನ ಬೆಂಚ್ 90. ಅವನಿಗೆ ಮೊದಲ ವಾರದ ಭಾರಗಳು ಹತ್ತಿರ ಹತ್ತಿರ 52.5, 60, 70 ಅಂತ ಬರ್ತಿದ್ವು, ಮೆಟ್ಟಿಲು ಮೆಟ್ಟಿಲಾಗಿ. ಅವನಿಗೆ ಚೆನ್ನಾಗಿ ಕೆಲಸ ಮಾಡ್ತು. ನನಗೆ 16 ವಾರದಲ್ಲಿ 37.5 ಇದ್ದಿದ್ದು 40. ಪ್ರೋಗ್ರಾಂ ಕೆಟ್ಟದ್ದಲ್ಲ. ಅದನ್ನ ಬರೆದಾಗ ಕಣ್ಣ ಮುಂದೆ ಇದ್ದ ದೇಹ ನನ್ನದಲ್ಲ, ಅಷ್ಟೇ.

ಮೂರನೆಯದು, ವಾರಕ್ಕೆ ಮೂರು ದಿನ ಬೆಂಚ್. ಸೋಮವಾರ ಭಾರ, 5 ಸೆಟ್ 3 ರೆಪ್ಸ್. ಬುಧವಾರ ಮಧ್ಯಮ, 4 ಸೆಟ್ 6 ರೆಪ್ಸ್. ಶನಿವಾರ ಕೈ ಹತ್ತಿರ ಹಿಡಿದು ಹಗುರ, 3 ಸೆಟ್ 8 ರೆಪ್ಸ್. ಶೇಕಡಾ ಲೆಕ್ಕದ ಬದಲು "ಇನ್ನೂ ಎರಡು ರೆಪ್ಸ್ ಎತ್ತಬಹುದಿತ್ತು" ಅನ್ನೋ ಹಂತದಲ್ಲಿ ಸೆಟ್ ನಿಲ್ಲಿಸೋದು. ಭಾರ ಏರಿಸೋದು 1 ಕೆಜಿ ಲೆಕ್ಕದಲ್ಲಿ. 16 ವಾರದಲ್ಲಿ 40 ಇದ್ದಿದ್ದು 47.5.

ಸರಿ, "ವಾರಕ್ಕೆ ಮೂರು ದಿನ ಮಾಡಿದ್ದಕ್ಕೇ ಬಂತು" ಅಂತ ಬೋರ್ಡ್ ಹಾಕ್ಬಹುದಾ? ನೋಟ್‌ಬುಕ್ ತಿರುಗಿಸಿ ನೋಡಿ. 5/3/1ನಲ್ಲಿ ವಾರಕ್ಕೆ ನಾನು ಮಾಡಿದ್ದು ವಾರ್ಮಪ್ ಬಿಟ್ಟು 3 ಸೆಟ್. ಇಲ್ಲಿ 12. ದಿನವೂ ಜಾಸ್ತಿ ಆಯ್ತು, ಸೆಟ್ಟೂ ನಾಲ್ಕು ಪಟ್ಟು ಆಯ್ತು. ಎರಡು ಒಟ್ಟಿಗೆ ಬದಲಾದ್ರೆ ಕ್ರೆಡಿಟ್ ಯಾರಿಗೆ? 2018ರಲ್ಲಿ ಗ್ರ್ಗಿಚ್ ಮತ್ತು ಜೊತೆಗಾರರು ಹಲವು ಅಧ್ಯಯನಗಳನ್ನ ಒಟ್ಟಿಗೆ ಹಾಕಿ ನೋಡಿದ್ರು. ದಿನ ಜಾಸ್ತಿ ಮಾಡಿದವರಿಗೆ ಶಕ್ತಿ ಜಾಸ್ತಿ ಬಂದಿತ್ತು. ಆದ್ರೆ ಒಟ್ಟು ಕೆಲಸ ಸಮ ಇಟ್ಟು ಹೋಲಿಸಿದಾಗ ದಿನಗಳ ಸಂಖ್ಯೆಯಿಂದ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣ್ಲಿಲ್ಲ. ಅಂದ್ರೆ ದಿನ ಅನ್ನೋದು ಬುಟ್ಟಿ, ಸೆಟ್ ಅನ್ನೋದು ಹಣ್ಣು. ಬುಟ್ಟಿ ಜಾಸ್ತಿ ಇದ್ರೆ ಹಣ್ಣು ಹೊರೋದು ಸುಲಭ. ನಿಮಗೆ ವಾರಕ್ಕೆ ಎರಡೇ ದಿನ ಜಿಮ್‌ಗೆ ಹೋಗೋಕಾಗೋದು ಅಂದ್ರೆ ಅಳಬೇಡಿ, ಎರಡು ದಿನಕ್ಕೇ ಸೆಟ್ ಹಂಚ್ಕೊಳ್ಳಿ.

ಭಾಗ 5/7: ನಾಲ್ಕನೆಯದು, ಮತ್ತು 90ನೇ ದಿನ

ಸ್ಮೋಲೊವ್ ಜೂನಿಯರ್ ಅಂತ ಒಂದು ಪ್ರೋಗ್ರಾಂ ಇದೆ. ಮೂರೇ ವಾರ. ವಾರಕ್ಕೆ ನಾಲ್ಕು ದಿನ ಬೆಂಚ್. ಶೇ 70ಕ್ಕೆ 6 ಸೆಟ್ 6 ರೆಪ್ಸ್, ಶೇ 75ಕ್ಕೆ 7 ಸೆಟ್ 5 ರೆಪ್ಸ್, ಶೇ 80ಕ್ಕೆ 8 ಸೆಟ್ 4 ರೆಪ್ಸ್, ಶೇ 85ಕ್ಕೆ 10 ಸೆಟ್ 3 ರೆಪ್ಸ್. ಕೂಡಿಸಿ ನೋಡಿ, ಒಂದು ವಾರಕ್ಕೆ 133 ರೆಪ್ಸ್. ಎರಡನೇ, ಮೂರನೇ ವಾರ ಇದೇ ಲೆಕ್ಕ, ಮೇಲೆ ಇನ್ನಷ್ಟು ಭಾರ.

ನಮ್ಮ ಕ್ಲಾಸಿನ ಒಬ್ಬ ಇದನ್ನ ಮಾಡ್ದ. ಹೆಸರು ಹೇಳಲ್ಲ, ಅವನ ಒಪ್ಪಿಗೆ ತಗೊಂಡೇ ಬರೀತಿದೀನಿ. ಶುರುವಿನಲ್ಲಿ 85. ಮುಗಿದು ನಾಲ್ಕು ದಿನ ರೆಸ್ಟ್ ತಗೊಂಡು ಟೆಸ್ಟ್ ಮಾಡಿದಾಗ 92.5, ನಿಲ್ಲಿಸಿ ಎತ್ತಿದ್ದು, ವಿಡಿಯೋ ನಾನೇ ತೆಗೆದಿದ್ದು. ಮೂರು ವಾರಕ್ಕೆ ಏಳೂವರೆ ಕೆಜಿ! ಹಾಸ್ಟೆಲ್‌ನಲ್ಲಿ ಅವತ್ತು ಬೆಣ್ಣೆ ದೋಸೆ ಟ್ರೀಟ್. ಮರುದಿನವೇ ಇನ್ನಿಬ್ಬರು ಅದೇ ಶೀಟ್ ಇಳಿಸ್ಕೊಂಡ್ರು.

ಆ ಟೆಸ್ಟ್‌ಗೆ ಎರಡು ದಿನ ಮುಂಚಿಂದ ಅವನ ಭುಜದ ಮುಂಭಾಗ ನೋಯ್ತಿತ್ತು. ಟೆಸ್ಟ್ ಆದ್ಮೇಲೂ ಹೋಗ್ಲಿಲ್ಲ. ಬ್ಯಾಗ್ ಹೆಗಲಿಗೆ ಹಾಕೋಕೆ ಕೈ ತಿರುಗಿಸಿದ್ರೆ ಮುಖ ಕಿವುಚ್ತಿದ್ದ. ಫಿಸಿಯೋ ಹತ್ರ ಹೋಗಿ, ಐದು ವಾರ ಬೆಂಚ್ ಬಿಟ್ಟು, ನಿಧಾನಕ್ಕೆ ವಾಪಸ್ ಬಂದ. ಪ್ರೋಗ್ರಾಂ ಮುಗಿದು ಮೂರು ತಿಂಗಳಿಗೆ ಅದೇ ಬೆಂಚ್, ಅದೇ ಬಾರ್, ಅದೇ ವಿಡಿಯೋ ಕೋನ: 82.5. ಶುರು ಮಾಡಿದ್ದಕ್ಕಿಂತ ಕಡಿಮೆ. ಬರಬರ್ತಾ ರಾಯರ ಕುದುರೆ ಕತ್ತೆ ಆಯ್ತು ಅಂತಾರಲ್ಲ, ಹಾಗೆ.

ಇದರಿಂದ ಸ್ಮೋಲೊವ್ ಜೂನಿಯರ್ ಎಲ್ಲರ ಭುಜ ಹಾಳು ಮಾಡುತ್ತೆ ಅಂತ ತೀರ್ಮಾನ ಮಾಡ್ಬೇಡಿ. ಒಬ್ಬನ ಕತೆ ಒಬ್ಬನ ಕತೆಯಷ್ಟೇ. ನಾನು ಹೇಳ್ತಿರೋದು ಬೇರೆ. ಈ ಪ್ರೋಗ್ರಾಂ ಬಗ್ಗೆ ಅವನು 22ನೇ ದಿನ ಪೋಸ್ಟ್ ಹಾಕಿದ್ರೆ ಹತ್ತಕ್ಕೆ ಹತ್ತು. 90 ದಿನ ಆದ್ಮೇಲೆ ಹಾಕಿದ್ರೆ ಫೇಲ್. ಮನುಷ್ಯ ಅವನೇ, ಭಾರ ಅದೇ, ಬದಲಾಗಿದ್ದು ಕ್ಯಾಲೆಂಡರ್ ಮಾತ್ರ. ನೀವು ಫೀಡ್‌ನಲ್ಲಿ ನೋಡೋ ರಿಸಲ್ಟ್‌ಗಳಲ್ಲಿ ಎಷ್ಟು 22ನೇ ದಿನದವು, ಎಷ್ಟು 90ನೇ ದಿನದವು? ಖುಷಿಯಾದ ದಿನ ಎಲ್ಲರೂ ಪೋಸ್ಟ್ ಹಾಕ್ತೀವಿ. ಭುಜಕ್ಕೆ ಐಸ್ ಇಟ್ಕೊಂಡು ಕೂತ ದಿನ ಯಾರು ಹಾಕ್ತಾರೆ?

ಅದಕ್ಕೆ ನನ್ನ ನಿಯಮ: ಪ್ರೋಗ್ರಾಂಗೆ ಮಾರ್ಕ್ಸ್ ಹಾಕೋದು ಅದು ಮುಗಿದ ದಿನ ಅಲ್ಲ, ಮುಗಿದು 90 ದಿನ ಆದ್ಮೇಲೆ. ಆಗ ಕೈಯಲ್ಲಿ ಉಳಿದಿರೋ ಕೆಜಿ ಎಷ್ಟೋ ಅಷ್ಟೇ ನಿಮ್ಮದು. ಮಿಕ್ಕಿದ್ದು ಸಾಲ. ನನ್ನ ಲೀನಿಯರ್‌ನ 37.5 ಮೂರು ತಿಂಗಳ ಮೇಲೂ ಇತ್ತು, ಸ್ವಲ್ಪ ಜಾಸ್ತಿಯೇ ಇತ್ತು. 47.5 ಕೂಡ 90 ದಿನ ದಾಟಿ ನಿಂತಿದೆ. ಅದಕ್ಕೇ ಇವತ್ತು ಈ ಸೀರೀಸ್ ಬರೆಯೋ ಧೈರ್ಯ ಮಾಡಿದ್ದು.

ಭಾಗ 6/7: ಪ್ರೋಗ್ರಾಂ ಬಿಟ್ಟು ಬೇರೆ ಏನು ಬದಲಾಯ್ತು?

ನೋಟ್‌ಬುಕ್‌ನ ಬಲಗಡೆ ಒಂದು ಕಾಲಂ ಇದೆ, ಸ್ವೈಪ್ ಮಾಡಿದ್ರೆ ಕಾಣುತ್ತೆ. ಅಲ್ಲಿ ದೇಹದ ತೂಕ, ನಿದ್ದೆ, ಊಟ, ಪರೀಕ್ಷೆ, ಮುಟ್ಟಿನ ದಿನ, ಎಲ್ಲಾ ಒಂದೊಂದು ಅಕ್ಷರದಲ್ಲಿ ಬರೆದಿದೆ. ಇದಿಲ್ಲದೆ ಪ್ರೋಗ್ರಾಂನ ಲೆಕ್ಕ ಅರ್ಧ ಸುಳ್ಳು.

ಉದಾಹರಣೆಗೆ ಮೂರನೇ ಪ್ರೋಗ್ರಾಂ ಹೊತ್ತಿಗೆ ನನ್ನ ತೂಕ 54ರಿಂದ 57 ಆಗಿತ್ತು. ತೂಕ ಏರಿದ್ರೆ ಬೆಂಚ್ ಏರೋದು ಸಹಜ. ಆ ಏಳೂವರೆ ಕೆಜಿಯಲ್ಲಿ ಒಂದು ಪಾಲು ಮೊಟ್ಟೆಗೆ ಸೇರ್ಬೇಕು. ಮೆಸ್‌ನಲ್ಲಿ ಬೆಳಿಗ್ಗೆ ಚಿತ್ರಾನ್ನ, ಮಧ್ಯಾಹ್ನ ಅನ್ನ ಸಾರು, ರಾತ್ರಿ ಮತ್ತೆ ಅನ್ನ ಸಾರು. ಭಾರ ಎತ್ತೋರಿಗೆ ದಿನಕ್ಕೆ ದೇಹದ ಪ್ರತಿ ಕೆಜಿಗೆ 1.6 ಗ್ರಾಂ ಆಸುಪಾಸು ಪ್ರೋಟೀನ್ ಸಾಕು ಅಂತ ಸಂಶೋಧನೆಗಳು ಹೇಳ್ತವೆ. ನನಗೆ ಅದು 90 ಗ್ರಾಂ ಹತ್ರ. ಒಂದು ಮೊಟ್ಟೆಯಲ್ಲಿ 6 ಗ್ರಾಂ. 50 ಗ್ರಾಂ ಸೋಯಾ ಚಂಕ್ಸ್‌ನಲ್ಲಿ ಸುಮಾರು 25. ಮೊಸರು, ಹುರಿಗಡಲೆ, ಶೇಂಗಾ, ಹೆಸರುಕಾಳು ಸೇರಿಸಿ ಹೇಗೋ ಮುಟ್ಟಿಸ್ತೀನಿ. ಯಾವ ಡಬ್ಬಿಯೂ ಬೇಕಾಗ್ಲಿಲ್ಲ. ಕ್ರಿಯೇಟಿನ್ ಬಗ್ಗೆ ಕೇಳ್ತೀರಲ್ಲ, ದಿನಕ್ಕೆ 3ರಿಂದ 5 ಗ್ರಾಂ ಅನ್ನೋದು ಚೆನ್ನಾಗಿ ಪರೀಕ್ಷೆಗೊಳಗಾದ ಪ್ರಮಾಣ. ಆದ್ರೆ ಅದನ್ನೂ ಹೊಸ ಪ್ರೋಗ್ರಾಂ ಶುರುವಾದ ದಿನವೇ ಶುರು ಮಾಡಿದ್ರೆ ಮತ್ತೆ ಅದೇ ಗೊಂದಲ, ಕ್ರೆಡಿಟ್ ಯಾರಿಗೆ? ಕಿಡ್ನಿ ತೊಂದರೆ ಇದ್ದವರು ಡಾಕ್ಟರ್ ಕೇಳದೆ ಮುಟ್ಟಬೇಡಿ.

ಇಂಟರ್ನಲ್ಸ್ ವಾರದ ಸಾಲು ನೋಡಿ. ನಿದ್ದೆ ಐದು ಗಂಟೆ, ಬೆಂಚ್ 2.5 ಕೆಳಗೆ. ಆ ವಾರ ಪ್ರೋಗ್ರಾಂ ಬದಲಾಯಿಸಿದ್ರೆ ತಪ್ಪು ಅಪರಾಧಿಯನ್ನ ಹಿಡಿದ ಹಾಗೆ. ಹಾಸಿಗೆ ಇದ್ದಷ್ಟು ಕಾಲು ಚಾಚು. ಹಾಸಿಗೆ ಅಂದ್ರೆ ಇಲ್ಲಿ ಊಟ ಮತ್ತು ನಿದ್ದೆ, ಕಾಲು ಅಂದ್ರೆ ಸೆಟ್‌ಗಳು.

ಈಗ ಆ "8 ವಾರದಲ್ಲಿ 20 ಕೆಜಿ" ಸ್ಕ್ರೀನ್‌ಶಾಟ್‌ಗೆ ಬರೋಣ. 1996ರಲ್ಲಿ ಶಲೇಂದರ್ ಭಾಸಿನ್ ಮತ್ತು ತಂಡದ ಒಂದು ಅಧ್ಯಯನ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂತು. ಭಾರ ಎತ್ತಿ ಅಭ್ಯಾಸವಿದ್ದ ಗಂಡಸರನ್ನ ನಾಲ್ಕು ಗುಂಪು ಮಾಡಿ, ಒಂದು ಗುಂಪಿಗೆ ವಾರಕ್ಕೆ 600 ಮಿಲಿಗ್ರಾಂ ಟೆಸ್ಟೋಸ್ಟೆರಾನ್ ಇಂಜೆಕ್ಷನ್ ಕೊಟ್ಟು, ವ್ಯಾಯಾಮವನ್ನೂ ಮಾಡಿಸಿದ್ರು. ಅದು ದೇಹ ತಾನೇ ಮಾಡ್ಕೊಳ್ಳೋದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. 10 ವಾರ ಆದ್ಮೇಲೆ ಆ ಗುಂಪಿನ ಬೆಂಚ್ ಸರಾಸರಿ ಏರಿದ್ದು 22 ಕೆಜಿ.

ಮತ್ತೆ ಓದಿ. ವೈದ್ಯರ ಕಣ್ಗಾವಲಿನಲ್ಲಿ, ಅಷ್ಟು ಹಾರ್ಮೋನ್ ಕೊಟ್ಟು, ಹತ್ತು ವಾರಕ್ಕೆ 22. ಪಿಡಿಎಫ್ ಮಾರೋರು ಎಂಟು ವಾರಕ್ಕೆ 20 ಗ್ಯಾರಂಟಿ ಅಂತಿದ್ದಾರೆ. ಜಿಮ್ ಮುಖವನ್ನೇ ನೋಡದ ದಪ್ಪ ಮೈಕಟ್ಟಿನ ಹುಡುಗನಿಗೆ ಮೊದಲ ಎರಡು ತಿಂಗಳಲ್ಲಿ ಅಷ್ಟು ಬಂದೀತು, ಅಲ್ಲಗಳೆಯಲ್ಲ. ಆದ್ರೆ ಒಂದು ವರ್ಷದಿಂದ ಎತ್ತುತ್ತಿರೋರಿಗೂ ಅದೇ ಗ್ಯಾರಂಟಿ ಕೊಡ್ತಿದ್ರೆ, ಒಂದೋ ಅಳತೆಗೋಲು ಜಗ್ಗಿದೆ, ಇಲ್ಲಾ ಪಿಡಿಎಫ್‌ನಲ್ಲಿ ಬರೆಯದ ಏನೋ ಜೊತೆಗಿದೆ.

ಈ "ಏನೋ" ಬಗ್ಗೆ ಸುಮ್ಮನಿರೋಕಾಗಲ್ಲ. ನಮ್ಮ ಜೂನಿಯರ್ ಒಬ್ಬಳಿಗೆ ಆನ್‌ಲೈನ್ ಕೋಚ್ ಒಬ್ಬರು ಎರಡನೇ ತಿಂಗಳಿಗೇ "ಒಂದು ಸಣ್ಣ ಮಾತ್ರೆ, ಹುಡುಗಿಯರಿಗೂ ಸೇಫ್" ಅಂತ ಮೆಸೇಜ್ ಹಾಕಿದ್ರು. ಅವಳು ಸ್ಕ್ರೀನ್‌ಶಾಟ್ ತೋರಿಸಿದಾಗ ನನ್ನ ಕೈ ತಣ್ಣಗಾಯ್ತು. ಅನಬಾಲಿಕ್ ಸ್ಟೆರಾಯ್ಡ್‌ಗಳಿಂದ ಹುಡುಗಿಯರ ಧ್ವನಿ ಗಡಸಾಗಬಹುದು, ಬಿಟ್ಟ ಮೇಲೂ ಅದು ಮೊದಲಿನ ಹಾಗೆ ಆಗದೇ ಇರಬಹುದು. ಹುಡುಗರಲ್ಲಿ ದೇಹ ತನ್ನ ಹಾರ್ಮೋನ್ ತಯಾರಿಸೋದನ್ನೇ ನಿಲ್ಲಿಸ್ಬಹುದು, ವೀರ್ಯಾಣು ಕಡಿಮೆಯಾಗ್ಬಹುದು, ಹೃದಯಕ್ಕೂ ಪೆಟ್ಟು. ಇಪ್ಪತ್ತು ವರ್ಷಕ್ಕೆ ಇಪ್ಪತ್ತು ಕೆಜಿಗೋಸ್ಕರ ಇದನ್ನ ಕೊಡ್ಬೇಕಾ? ಅವಳು ನಂಬರ್ ಬ್ಲಾಕ್ ಮಾಡಿದ್ಲು. ಕಟ್ಟಿದ ದುಡ್ಡು ವಾಪಸ್ ಬರ್ಲಿಲ್ಲ. ಹೋಗ್ಲಿ ಅಂದ್ಲು.

ಭಾಗ 7/7: ನಿಮ್ಮ ಮಾರ್ಕ್ಸ್ ಕಾರ್ಡ್

ಯಾವುದೇ ಪ್ರೋಗ್ರಾಂ ಶುರು ಮಾಡೋ ಮುಂಚೆ ಈ ಪ್ರಶ್ನೆಗಳಿಗೆ ಕೈಬರಹದಲ್ಲಿ ಉತ್ತರ ಬರೀರಿ. ಮುಗಿದ್ಮೇಲೆ ಬರೆದ್ರೆ ಮನಸ್ಸು ತನಗೆ ಬೇಕಾದ ಉತ್ತರ ಬರ್ಕೊಳ್ಳುತ್ತೆ.

ಒಂದು: ಇವತ್ತಿನ ನನ್ನ ಬೆಂಚ್ ಎಷ್ಟು, ಯಾವ ನಿಯಮದಲ್ಲಿ? ವಿಡಿಯೋ ಇದೆಯಾ?

ಎರಡು: ಈ ಪ್ರೋಗ್ರಾಂ ಹೇಳೋ ಅತಿ ಚಿಕ್ಕ ಏರಿಕೆ ನನ್ನ ಮ್ಯಾಕ್ಸ್‌ನ ಶೇಕಡಾ ಎಷ್ಟು? ನನ್ನ ಜಿಮ್‌ನ ಪ್ಲೇಟ್‌ನಲ್ಲಿ ಅದು ಸಾಧ್ಯನಾ? ಶೇ 5 ದಾಟಿದ್ರೆ ಚಿಕ್ಕ ಪ್ಲೇಟ್ ಹುಡುಕಿ. 1.25ರ ಜೋಡಿ ಸಿಗುತ್ತೆ, ಇಲ್ದಿದ್ರೆ ನನ್ನ ಆಂಕಲ್ ವೆಯ್ಟ್ ಜಿಂದಾಬಾದ್.

ಮೂರು: ವಾರದ ಒಟ್ಟು ಬೆಂಚ್ ಸೆಟ್ ಈಗ ಎಷ್ಟಿದೆ, ಇದರಲ್ಲಿ ಎಷ್ಟಾಗುತ್ತೆ? ಮೂರಿಂದ ಏಕ್‌ದಂ ಮೂವತ್ತಕ್ಕೆ ಹಾರ್ತಿದ್ರೆ ಭುಜವನ್ನ ಒಂದು ಮಾತು ಕೇಳಿ.

ನಾಲ್ಕು: ಈ ಅವಧಿಯಲ್ಲಿ ಪರೀಕ್ಷೆ, ಊರಿನ ಜಾತ್ರೆ, ಮದುವೆ, ಹಬ್ಬ ಎಷ್ಟಿವೆ? ಎರಡು ದಿನ ತಪ್ಪಿದ್ರೆ ಏನ್ಮಾಡ್ಬೇಕು ಅಂತ ಪ್ರೋಗ್ರಾಂನಲ್ಲಿ ಬರೆದಿದೆಯಾ? ವೇಳಾಪಟ್ಟಿ ಮುರಿದ ತಕ್ಷಣ ಮುರಿಯೋ ಪ್ರೋಗ್ರಾಂ ನಮ್ಮಂಥೋರಿಗೆ ಅಲ್ಲ.

ಐದು: ಇದನ್ನ ಮಾರ್ತಿರೋರು ತೋರಿಸೋ ರಿಸಲ್ಟ್ ಯಾರದ್ದು? ಹೊಸಬರದ್ದಾ, ಹಳಬರದ್ದಾ? ಎಷ್ಟು ಜನ ಶುರು ಮಾಡಿ ಎಷ್ಟು ಜನ ಮುಗಿಸಿದ್ರು? ಅರ್ಧಕ್ಕೆ ಬಿಟ್ಟವರ ಫೋಟೋ ಎಲ್ಲಿದೆ?

ಆರು: ಇದರ ಜೊತೆಗೆ ಬೇರೆ ಏನು ಬದಲಾಯಿಸ್ತಿದೀನಿ? ಸಾಧ್ಯವಾದಷ್ಟು ಏನೂ ಬದಲಾಯಿಸಬೇಡಿ.

ಏಳು: ಮುಗಿದು 90 ದಿನ ಅಂದ್ರೆ ಯಾವ ತಾರೀಕು?

ಒಂದು ಮಾತು ಹುಡುಗೀರಿಗೆ ಬೇರೆಯಾಗಿ. ಬೆಂಚ್ ಪ್ರೆಸ್‌ನ ಪುಸ್ತಕ, ಪಿಡಿಎಫ್, ವಿಡಿಯೋಗಳಲ್ಲಿ ಹೆಚ್ಚಿನವು 20 ಕೆಜಿ ಬಾರ್ ಅಂದ್ರೆ "ಏನೂ ಇಲ್ಲ, ವಾರ್ಮಪ್" ಅನ್ನೋರು ಬರೆದವು. ನಮ್ಮಲ್ಲಿ ಎಷ್ಟೋ ಜನಕ್ಕೆ ಆ ಖಾಲಿ ಬಾರೇ ಮೊದಲ ದೊಡ್ಡ ಗುರಿ. ಅಲ್ಲಿಗೆ ಮುಟ್ಟೋ ಮುಂಚೆ ಡಂಬಲ್, ಗೋಡೆ ಅಥವಾ ಬೆಂಚಿಗೆ ಕೈ ಕೊಟ್ಟು ಪುಷ್‌ಅಪ್ ಮಾಡಿ, ಅದೂ ಬೆಂಚ್ ಪ್ರೆಸ್ ಪ್ರೋಗ್ರಾಂನೇ. ಒಂದು ಪ್ರೋಗ್ರಾಂ ನಿಮಗೆ ಹೊಂದಲಿಲ್ಲ ಅಂದ್ರೆ "ನಂದು ಹೆಣ್ಣು ಮೈ, ಅದಕ್ಕೆ" ಅಂದ್ಕೊಳ್ಳೋ ಮುಂಚೆ ಎರಡನೇ ಪ್ರಶ್ನೆಯ ಭಾಗಾಕಾರ ಮಾಡಿ ನೋಡಿ. ಬಹಳ ಸಲ ಉತ್ತರ ಅಲ್ಲೇ ಸಿಗುತ್ತೆ.

ಹುಡುಗರಿಗೂ ಒಂದು. ಪಕ್ಕದವನ 100 ಕೆಜಿ ನೋಡಿ ನಿಮ್ಮ 50ಕ್ಕೆ ನಾಚಿಕೆ ಪಡಬೇಡಿ. ಅವನ 100ಕ್ಕೆ ಎಷ್ಟು ವರ್ಷ, ಎಷ್ಟು ತೂಕ, ಯಾವ ನಿಯಮ ಅಂತ ನಿಮಗೆ ಗೊತ್ತಿಲ್ಲ. ನಿಮ್ಮ 50ರ ಲೆಕ್ಕ ಪೂರ್ತಿ ನಿಮ್ಮ ಹತ್ರ ಇದೆ.

ನನ್ನ ಮುಂದಿನ 16 ವಾರಕ್ಕೆ ಮೂರನೇ ಪ್ರೋಗ್ರಾಂ ಅನ್ನೇ ಮುಂದುವರಿಸ್ತೀನಿ. ಆದ್ರೆ ಈ ಸಲ ಅದೇ 12 ಸೆಟ್, ಮೂರು ದಿನದ ಬದಲು ಎರಡು ದಿನಕ್ಕೆ. ಒಂದೇ ಬದಲಾವಣೆ. ಹಾಗಾದ್ರೂ ದಿನಕ್ಕೆ ಎಷ್ಟು ಕ್ರೆಡಿಟ್, ಸೆಟ್‌ಗೆ ಎಷ್ಟು ಅಂತ ನನ್ನ ದೇಹದ ಮಟ್ಟಿಗೆ ಗೊತ್ತಾಗ್ಲಿ. ಗುರಿ 50, ನಿಲ್ಲಿಸಿ ಎತ್ತಿದ್ದು. ಬಂದ್ರೂ ಹೇಳ್ತೀನಿ, ಬರ್ದಿದ್ರೂ ಹೇಳ್ತೀನಿ. ಆದ್ರೆ ಮುಗಿದ ದಿನ ಅಲ್ಲ, 90 ದಿನ ಕಾಯ್ಬೇಕು ನೀವು.

ಈಗ ಫೋನ್‌ನಲ್ಲಿ ಕ್ಯಾಲೆಂಡರ್ ತೆಗೀರಿ. ನೀವೀಗ ಮಾಡ್ತಿರೋ ಪ್ರೋಗ್ರಾಂ ಮುಗಿಯೋ ದಿನಕ್ಕೆ 90 ಕೂಡಿಸಿ, ಆ ತಾರೀಕಿಗೆ "ಬೆಂಚ್ ಟೆಸ್ಟ್, ಸ್ಪಾಟರ್ ಕರೆಯೋದು" ಅಂತ ಬರೆದಿಡಿ. ಆ ತಾರೀಕನ್ನ ಕಾಮೆಂಟ್‌ನಲ್ಲಿ ಹಾಕಿ. ಅವತ್ತು ನಾನೇ ಬಂದು ಕೇಳ್ತೀನಿ.

#ಬೆಂಚ್‌ಪ್ರೆಸ್ #ಜಿಮ್‌ನೋಟ್‌ಬುಕ್ #ಹಾಸ್ಟೆಲ್‌ಲೈಫ್ #ದಾವಣಗೆರೆ #ತೊಂಬತ್ತನೇದಿನ